ಎಲ್ಪೀದಿಯೋ ದುಂಡಗೆ ಕತ್ತರಿಸಿದ ಪಾಸ್ತೆಲ್

ನಮ್ಮ ಪ್ಲಾಸೆಟಾಸ್ ಊರಿನಲ್ಲಿ ಪಾಸ್ತೆಲ್ ಒಳಗೆ ಏನಿದೆ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದವನು ಹೊರಗಿನವನು ಎಂದು ಅರ್ಥ. ಪದರು ಪದರಾದ ಹಿಟ್ಟಿನೊಳಗೆ ಏನು ತುಂಬಿ ಬೇಯಿಸಿದ್ದಾರೆ ಎಂಬುದನ್ನು ಅದರ ಆಕಾರವೇ ಹೇಳುತ್ತದೆ. ಚೌಕವಾಗಿದ್ದರೆ ಸೀಬೆಹಣ್ಣು, ಮೂರು ಮೂಲೆ ಇದ್ದರೆ ಚೀಸ್, ದುಂಡಗಿದ್ದರೆ ಕೈಮಾ. ಈ ಕಾನೂನನ್ನು ಯಾವ ಸರ್ಕಾರವೂ ಮಾಡಿದ್ದಲ್ಲ, ಅದಕ್ಕೇ ಇರಬೇಕು, ಯಾರೂ ಅದನ್ನು ಮುರಿದಿರಲಿಲ್ಲ. ಮೊದಲು ಮುರಿದವನು ನಮ್ಮ ಎದುರುಮನೆಯ ಎಲ್ಪೀದಿಯೋ. ಮುರಿಯಲು ಅವನು ಆರಿಸಿಕೊಂಡ ದಿನ ತಪಸ್ಸುಕಾಲದ, ಅಂದರೆ ಕ್ರೈಸ್ತರು ಮಾಂಸ ಬಿಡುವ ಉಪವಾಸದ ದಿನಗಳ ಶುಕ್ರವಾರ, ಅದೂ ಮಗಳ ಮದುವೆ ಮಾತುಕತೆಯ ಬೆಳಗ್ಗೆ. ಇಂಥ ದಿನವನ್ನೇ ಹುಡುಕಿ ತೆಗೆಯುವ ಬುದ್ಧಿಯನ್ನು ಕೆಲವರು ಹುಟ್ಟುವಾಗಲೇ ಪಡೆದು ಬಂದಿರುತ್ತಾರೆ.

ಎಲ್ಪೀದಿಯೋ ಮುಖ್ಯರಸ್ತೆಯ ಚಪ್ಪಲಿ ಅಂಗಡಿಯಲ್ಲಿ ಮಾರಾಟದವನು. ದಿನವಿಡೀ ಮಂಡಿಯೂರಿ ಇನ್ನೊಬ್ಬರ ಪಾದ ಹಿಡಿದು ಕೂರುವ ಕೆಲಸ. ಹಾಗೆ ಕೂತವನಿಗೆ ಎದ್ದು ನಿಂತ ಕೂಡಲೇ ಏನಾದರೂ ದೊಡ್ಡದು ಹೇಳಬೇಕು ಅನ್ನಿಸುವುದು ಸಹಜ. ಅವನ ಕೆಟ್ಟ ಅಭ್ಯಾಸವೆಂದರೆ ಎದ್ದು ನಿಲ್ಲುವವರೆಗೂ ಕಾಯದೆ, ಮಂಡಿಯೂರಿದಲ್ಲಿಂದಲೇ ಹೇಳಿಬಿಡುವುದು.

ಆ ಶುಕ್ರವಾರಕ್ಕೆ ಒಂದು ವಾರ ಮೊದಲು ಅವನ ಕೈಯಲ್ಲಿದ್ದದ್ದು ದೊನ್ ಕಸಿಮೀರೊ ಅವರ ಎಡಗಾಲು. ದೊಡ್ಡ ಮನುಷ್ಯರನ್ನು ನಾವು ದೊನ್, ಅವರ ಮನೆಯಾಕೆಯನ್ನು ದೋನ್ಯಾ ಎನ್ನುತ್ತೇವೆ. ದೊನ್ ಕಸಿಮೀರೊ ಎಂದರೆ ಕಬ್ಬಿಣದ ಸಾಮಾನಿನ ಅಂಗಡಿಯ ಯಜಮಾನರು, ಫೌಸ್ತೀನೊನ ತಂದೆ. ಫೌಸ್ತೀನೊ ಎಂದರೆ ಎಲ್ಪೀದಿಯೋನ ಮಗಳು ಮಿರ್ತಾಳನ್ನು ಮದುವೆಯಾಗಬೇಕಾದವನು. ಆಗಬೇಕಾದವನು, ಆಗಬೇಕಾದವನು ಎಂದು ಊರು ಹೇಳುತ್ತಲೇ ವರ್ಷಗಳು ಕಳೆದಿದ್ದವು. ಅವನು ಪ್ರತಿ ಗುರುವಾರ, ಪ್ರತಿ ಭಾನುವಾರ ಸಂಜೆ ಎಲ್ಪೀದಿಯೋನ ಮನೆಯ ತೂಗುಕುರ್ಚಿಯಲ್ಲಿ ಕೂತು, ಮಿರ್ತಾ ಎದುರಿಗಿನ ಕುರ್ಚಿಯಲ್ಲಿ ಕೂತು, ಇಬ್ಬರೂ ಹಿಂದೆ ಮುಂದೆ ತೂಗಾಡಿ ತೂಗಾಡಿ, ಮನೆಯ ನೆಲದ ಹಾಸು ಎರಡು ಕಡೆ ಸವೆದುಹೋಗಿತ್ತು. ಟೆಲಿಫೋನ್ ಕಚೇರಿಯಲ್ಲಿ ಊರಿನ ಎಲ್ಲರ ಮಾತಿಗೂ ತಂತಿ ಜೋಡಿಸುವ ಹುಡುಗಿ ಮಿರ್ತಾ. ಅವಳ ಸ್ವಂತ ಮಾತು ಮಾತ್ರ ಜೋಡಣೆಯಾಗಿರಲಿಲ್ಲ.

ನಾನು ದರ್ಜಿ, ಬಾಸಿಲಿಯೊ. ಅವತ್ತು ಬೂಟಿನ ದಾರ ಕೊಳ್ಳಲು ಹೋಗಿದ್ದೆ, ಆದ್ದರಿಂದ ಇದನ್ನು ಕಿವಿಯಾರೆ ಕೇಳಿದೆ.

"ಬೆಳಗ್ಗೆ ಎದ್ರೆ ಎರಡು ಸೀಬೆ ಪಾಸ್ತೆಲ್ ಇಲ್ದೆ ನನಗೆ ಕಾಫಿ ಗಂಟಲಲ್ಲಿ ಇಳೀತಿರ್ಲಿಲ್ಲ ಎಲ್ಪೀದಿಯೋ," ಎಂದರು ದೊನ್ ಕಸಿಮೀರೊ. ಹೆಂಡತಿ ಇದ್ದೂ ಅವರ ಧ್ವನಿಯಲ್ಲಿ ವಿಧುರನ ದುಃಖವಿತ್ತು. "ಈಗ ಡಾಕ್ಟ್ರು ಪಿತ್ತಕೋಶ ಅಂತಾರೆ. ಹಂದಿಕೊಬ್ಬು ಮುಟ್ಟಬೇಡಿ, ಬೆಣ್ಣೆ ಮುಟ್ಟಬೇಡಿ, ಸಕ್ಕರೆ ಕಡೆ ನೋಡ್ಲೂಬೇಡಿ. ಬೆಳಗ್ಗೆ ಬರೀ ಕಪ್ಪು ನೀರು ಕುಡೀತೀನಿ. ಇದೂ ಒಂದು ಬದುಕಾ?"

ಇದಕ್ಕೆ ಚಪ್ಪಲಿ ಮಾರುವವನು ಕೊಡಬೇಕಾದ ಉತ್ತರ "ಅಯ್ಯೋ ಪಾಪ" ಅಷ್ಟೇ. ಎಲ್ಪೀದಿಯೋ ಹೇಳಿದ್ದು ಬೇರೆ.

"ಅಯ್ಯೋ ದೊನ್ ಕಸಿಮೀರೊ, ಅದಕ್ಕ್ಯಾಕೆ ಅಳ್ತೀರಾ! ನಮ್ಮನೇಲಿ ಹಂದಿಕೊಬ್ಬಿನ ಡಬ್ಬಿ ಹೇಗಿರತ್ತೆ ಅಂತಾನೇ ಮರೆತುಹೋಗಿದೆ. ನಮ್ಮದೆಲ್ಲಾ ಹಗುರದ ಪಾಸ್ತೆಲ್. ಎಷ್ಟು ಹಗುರ ಅಂದ್ರೆ, ಕಿಟಕಿ ತೆಗೆದಿದ್ರೆ ಹಾರಿಹೋಗತ್ತೆ ಅಂತ ನಮ್ಮ ಮಿರ್ತಾ ಮೇಲೊಂದು ತಟ್ಟೆ ಮುಚ್ಚಿಡ್ತಾಳೆ."

ನಾನು ಅವನ ಕಡೆ ನೋಡಿದೆ. ಆ ದಿನ ಬೆಳಗ್ಗೆಯೇ ಅವನ ಹೆಂಡತಿ ಒಫೇಲಿಯಾ ಹೊಸ ಹಂದಿಕೊಬ್ಬಿನ ಡಬ್ಬಿಯನ್ನು ಎರಡು ಕೈಯಲ್ಲಿ ಅಪ್ಪಿಕೊಂಡು ಬೀದಿ ದಾಟಿದ್ದನ್ನು ನಾನು ಕಂಡಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.

ದೊನ್ ಕಸಿಮೀರೊ ಕಾಲನ್ನು ಬೂಟಿನಿಂದ ಹೊರಗೆಳೆದರು. ಕಣ್ಣಲ್ಲಿ ನೀರೂರಿತ್ತು. "ಹಾಗಾದ್ರೆ ಸಂತ ಜೋಸೆಫರ ಹಬ್ಬದ ದಿನ ಬೆಳಗಿನ ತಿಂಡಿಗೆ ನಿಮ್ಮನೇಗೇ ಬರ್ತೀವಿ. ಸಂಸಾರ ಕಾಯೋ ಸಂತರ ಹಬ್ಬ, ಒಳ್ಳೇ ದಿನ. ಆ ಇನ್ನೊಂದು ಮಾತನ್ನೂ ಅವತ್ತೇ ಕೇಳಿಬಿಡ್ತೀನಿ."

ಆ ಇನ್ನೊಂದು ಮಾತಿಗಾಗಿ ಎಲ್ಪೀದಿಯೋ ಎಷ್ಟು ಕಾದಿದ್ದ ಎಂಬುದು ಅವನ ಮನೆಯ ನೆಲಕ್ಕೆ ಗೊತ್ತು. ಸಂತೋಷದಲ್ಲಿ ಅವರಿಗೆ ಎಡಗಾಲಿನ ಬೂಟನ್ನು ಬಲಗಾಲಿಗೆ ತೊಡಿಸಿದ. ಅವರೂ ಹಾಗೇ ಎದ್ದು ನಡೆದರು.

ಒಫೇಲಿಯಾಳಿಗೆ ಸುದ್ದಿ ಹೇಳಿದಾಗ ಅವಳು ಮೊದಲು ಸಂತೋಷದಿಂದ ಅತ್ತಳು. ಮೆನು ಕೇಳಿದ ಮೇಲೆ ಬೇರೆ ಥರ ಅತ್ತಳು.

"ಹಂದಿಕೊಬ್ಬಿಲ್ದೆ ಹಿಟ್ಟು ಪದರು ಬಿಡತ್ತಾ? ಸಕ್ಕರೆ ಇಲ್ದೆ ಸೀಬೆ ಬಾಯಿಗಿಡಕ್ಕಾಗತ್ತಾ? ನಿನ್ನ ಬಾಯಿಗೆ ನಾನು ಬೀಗ ಹಾಕಿಸ್ಬೇಕಿತ್ತು ಎಲ್ಪೀದಿಯೋ. ಅವರಂಗಡೀಲೇ ಸಿಗತ್ತೆ ಬೀಗ. ಸೋವಿಗೆ ಕೊಡ್ತಿದ್ರು."

"ಒಂದು ತಿಂಡಿಗೆ ಯಾಕಿಷ್ಟು ರಂಪ ಮಾಡ್ತೀಯೇ? ಹಿಟ್ಟು, ಹಣ್ಣು, ಬೆಂಕಿ. ನಾನೇ ಮಾಡ್ತೀನಿ ಬಿಡು."

"ಮಾಡಪ್ಪಾ. ಮಾಡು. ನಾನು ಅಡುಗೆಮನೆ ಹೊಸಿಲು ದಾಟಿದ್ರೆ ಕೇಳು."

ಇಲ್ಲಿ ಒಂದು ವಿಷಯ ಹೇಳಬೇಕು. ಹಬ್ಬ ಆ ವರ್ಷ ಬಿದ್ದದ್ದು ಶುಕ್ರವಾರ. ಫೌಸ್ತೀನೊನ ತಾಯಿ ದೋನ್ಯಾ ಪೂರಾ ಅವರಿಗೆ ಒಂದು ಹರಕೆಯಿತ್ತು. ಮಗನಿಗೆ ಹಸುಗೂಸಾಗಿದ್ದಾಗ ವಿಷಮಶೀತಜ್ವರ ಬಂದಿತ್ತಂತೆ. ಉಳಿದರೆ ತಪಸ್ಸುಕಾಲದ ಶುಕ್ರವಾರಗಳಂದು ಮನೆಮಂದಿ ಮಾಂಸ ಮುಟ್ಟುವುದಿಲ್ಲ, ಮಾಂಸವಿರುವ ಸೂರಿನ ಕೆಳಗೆ ಕೂರುವುದೂ ಇಲ್ಲ ಎಂದು ಕನ್ಯಾಮರಿಯಮ್ಮನಿಗೆ ಮಾತು ಕೊಟ್ಟಿದ್ದರು. ಮಗ ಉಳಿದ. ಈಗ ಅವನಿಗೆ ದಪ್ಪ ಮೀಸೆಯಿದೆ, ಅಂಗಡಿಯಲ್ಲಿ ಮೊಳೆಗಳ ವಿಭಾಗ ಅವನದೇ. ಆದರೂ ಆ ಶುಕ್ರವಾರಗಳಂದು ತಾಯಿ ಅವನ ಹಣೆ ಮುಟ್ಟಿ ನೋಡಿದ ಮೇಲೆಯೇ ಅವನು ಬೀದಿಗಿಳಿಯುತ್ತಿದ್ದ. ಸೀಬೆ ಪಾಸ್ತೆಲ್‌ನಲ್ಲಿ ಮಾಂಸವಿಲ್ಲ, ಹಂದಿಕೊಬ್ಬೂ ಇಲ್ಲ ಎಂದ ಮೇಲೆ ದೋನ್ಯಾ ಪೂರಾ ಬರಲು ಒಪ್ಪಿದ್ದರು. ಅಂದರೆ ಎಲ್ಲವೂ ಎಲ್ಪೀದಿಯೋನ ಕೈಯಲ್ಲಿತ್ತು. ಇದಕ್ಕಿಂತ ಭಯಂಕರವಾದ ವಾಕ್ಯವನ್ನು ನಾನು ಇದುವರೆಗೆ ಬರೆದಿಲ್ಲ.

ಆ ವಾರವೆಲ್ಲಾ ಎಲ್ಪೀದಿಯೋ ಅಂಗಡಿಯಿಂದ ಬಂದವನೇ ಅಡುಗೆಮನೆ ಸೇರುತ್ತಿದ್ದ. ಹಂದಿಕೊಬ್ಬಿನ ಬದಲು ಎಣ್ಣೆ ಹಾಕಿದ. ಹಿಟ್ಟು ಪದರು ಬಿಡುವ ಬದಲು ಮುನಿಸಿಕೊಂಡು ಮಲಗಿತು. ಎಣ್ಣೆ ಕಡಿಮೆ ಮಾಡಿದ. ಚಪ್ಪಲಿಯ ಅಟ್ಟೆಯ ಹಾಗಾಯಿತು ಎಂದು ಅವನೇ ಹೇಳಿದ. ಆ ವಿಷಯದಲ್ಲಿ ಅವನ ಮಾತು ಅಧಿಕೃತ. ತುಂಬುವುದಕ್ಕೆ ಅಂಗಡಿಯ ಗಟ್ಟಿ ಸೀಬೆಹಲ್ವ ಬೇಡ, ಅದರಲ್ಲಿ ಅರ್ಧ ಸಕ್ಕರೆ ಎಂದು, ತಾಜಾ ಸೀಬೆಹಣ್ಣನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದ. ಸಕ್ಕರೆ ಇಲ್ಲದ ಹಣ್ಣು ಗಟ್ಟಿಯಾಗಲಿಲ್ಲ. ಇನ್ನೂ ಬೇಯಿಸಿದ. ತಳ ಹಿಡಿಯಿತು. ತಳ ಕೆರೆದು ಕಲಸಿದಾಗ ಬಣ್ಣ ಕೆಂಪು ಹೋಗಿ ಕಂದಾಯಿತು. ಸ್ವಲ್ಪವಾದರೂ ಸಿಹಿ ಬರಲಿ ಎಂದು ಒಂದು ಹಿಡಿ ಒಣದ್ರಾಕ್ಷಿ ಎಸೆದ.

ಅವನನ್ನು ಎಲ್ಲಕ್ಕಿಂತ ಹೆಚ್ಚು ಗೋಳುಹೊಯ್ದುಕೊಂಡದ್ದು ಮೂಲೆಗಳು. ಚೌಕವಾಗಿ ಕತ್ತರಿಸಿ ಕೆಂಡದ ಮೇಲಿಟ್ಟರೆ ನಾಲ್ಕು ಮೂಲೆಯೂ ಬಾಯಿಬಿಟ್ಟು ಒಳಗಿನದೆಲ್ಲಾ ಹೊರಗೆ ಬರುತ್ತಿತ್ತು. ಹಗುರದ ಹಿಟ್ಟಿಗೆ ಮೂಲೆ ಹಿಡಿದುಕೊಳ್ಳುವ ಶಕ್ತಿಯಿರಲಿಲ್ಲ. ಒತ್ತಿದ, ಮಡಿಸಿದ, ಮೊಟ್ಟೆಯ ಬಿಳಿ ಹಚ್ಚಿದ, ಬೈದ. ಕಡೆಗೆ ಗುರುವಾರ ಸಂಜೆ ಬೀದಿಗೆ ಕೇಳುವ ಹಾಗೆ "ಗೆದ್ದೆ!" ಎಂದು ಕೂಗಿದ. ಮೂಲೆಯೇ ಇಲ್ಲದಿದ್ದರೆ ಮೂಲೆ ಬಾಯಿಬಿಡುವುದು ಹೇಗೆ? ನೀರು ಕುಡಿಯುವ ಲೋಟವನ್ನು ಬೋರಲು ಹಾಕಿ, ಹಿಟ್ಟನ್ನು ದುಂಡಗೆ ಕತ್ತರಿಸಿ, ಅಂಚನ್ನು ಫೋರ್ಕಿನಿಂದ ಒತ್ತಿದ್ದ.

ಐವತ್ತು ವರ್ಷ ಇದೇ ಊರಿನಲ್ಲಿ ಪಾಸ್ತೆಲ್ ತಿಂದವನಿಗೆ ದುಂಡಗಿದ್ದರೆ ಕೈಮಾ ಎಂಬುದು ಮರೆತುಹೋಯಿತೇ ಎಂದು ನೀವು ಕೇಳಬಹುದು. ಆ ಹೊತ್ತಿಗೆ ಅವನ ಕಣ್ಣಿಗೆ ಪಾಸ್ತೆಲ್ ಕಾಣುತ್ತಿರಲಿಲ್ಲ, ಮೂಲೆಗಳು ಮಾತ್ರ ಕಾಣುತ್ತಿದ್ದವು. ಒಫೇಲಿಯಾ ನೋಡಿದ್ದರೆ ಹೇಳುತ್ತಿದ್ದಳು. ಆದರೆ ಅವಳು ಹೊಸಿಲು ದಾಟುವುದಿಲ್ಲ ಎಂದಿದ್ದಳು, ಮಾತಿಗೆ ತಪ್ಪುವ ಹೆಂಗಸಲ್ಲ.

ಕೆಂಡದ ಮೇಲೆ ಒಂದೆರಡು ಮಾಡಿ ನೋಡಬಹುದು, ಒಂದು ಟ್ರೇ ಪಾಸ್ತೆಲ್ ಬೇಯಿಸುವಂಥ ಒಲೆ ಮಾತ್ರ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲ. ಟ್ರೇ ಹೊತ್ತು ಸಿನೇಸಿಯೊನ ಬೇಕರಿಗೆ ಹೋಗುತ್ತೇವೆ. ಬ್ರೆಡ್ಡು ತೆಗೆದ ಮೇಲೆ ಇಟ್ಟಿಗೆಯೊಲೆಯ ಉಳಿದ ಕಾವಿನಲ್ಲಿ ಊರಿನವರ ಅಡುಗೆ ಬೇಯುತ್ತದೆ. ಶುಕ್ರವಾರ ಬೆಳಗ್ಗೆ ಎಲ್ಪೀದಿಯೋ ಹೋದಾಗ ಸಿನೇಸಿಯೊ ಒಲೆಯಿಂದ ಒಂದು ದೊಡ್ಡ ಹಂದಿತೊಡೆಯನ್ನು ಎಳೆಯುತ್ತಿದ್ದ. ಮಾರನೇ ದಿನ ಯಾರದೋ ಮನೆಯ ಹುಟ್ಟುಹಬ್ಬಕ್ಕಂತೆ. ಬೆಳ್ಳುಳ್ಳಿ, ಜೀರಿಗೆ, ಹುಳಿಕಿತ್ತಳೆಯಲ್ಲಿ ನೆನೆಸಿದ ತೊಡೆ. ಅದು ಹೊರಗೆ ಬಂತು, ವಾಸನೆ ಒಲೆಯೊಳಗೇ ಉಳಿಯಿತು. ಆ ವಾಸನೆಯೊಳಗೆ ಎಲ್ಪೀದಿಯೋನ ಟ್ರೇ ಹೋಯಿತು.

"ಏನಯ್ಯಾ ಇದು, ಚಪ್ಪಲಿ ಬಿಟ್ಟು ನನ್ನ ಕಸುಬಿಗೆ ಕೈ ಹಾಕ್ತಿದ್ದೀಯಾ?" ಎಂದ ಸಿನೇಸಿಯೊ. ಟ್ರೇ ಮೇಲೆ ಬಟ್ಟೆ ಮುಚ್ಚಿತ್ತು. ಎಲ್ಪೀದಿಯೋ ತನ್ನ ಕೈಯಿಂದಲೇ ಒಳಗೆ ತಳ್ಳಿ, ತನ್ನ ಕೈಯಿಂದಲೇ ಹೊರಗೆಳೆದು, ಗುಟ್ಟು ಬಯಲಾಗದಂತೆ ಮತ್ತೆ ಬಟ್ಟೆ ಮುಚ್ಚಿಕೊಂಡು ಹೊರಟ.

ತಿರುವಿನಲ್ಲಿ ಎರ್ಮೀನಿಯಾ ನಿಂತಿದ್ದಳು. ಎರ್ಮೀನಿಯಾ ನಮ್ಮ ಬೀದಿಯ ಮೂಲೆಮನೆಯವಳು. ಮಿರ್ತಾಳ ಟೆಲಿಫೋನ್ ಕಚೇರಿ ಊರಿಗೆ ಬರುವ ಮೊದಲು ಆ ಕೆಲಸವನ್ನು ಇವಳೇ ಬರಿಗಾಲಿನಲ್ಲಿ ಮಾಡುತ್ತಿದ್ದಳು, ಬಂದ ಮೇಲೂ ಬಿಟ್ಟಿರಲಿಲ್ಲ.

"ಎಲ್ಲಿ ನೋಡೋಣ, ಬೀಗರಿಗೆ ಏನು ಮಾಡಿದ್ದೀಯ," ಎಂದು ಬಟ್ಟೆಯ ತುದಿ ಎತ್ತಿದಳು. ನೋಡಿದಳು. ಮೂಸಿದಳು. ಬಟ್ಟೆಯನ್ನು ಮೆಲ್ಲಗೆ ಮುಚ್ಚಿದಳು, ಸತ್ತವರ ಮುಖಕ್ಕೆ ಮುಚ್ಚುವ ಹಾಗೆ.

"ಎಲ್ಪೀದಿಯೋ," ಎಂದಳು, "ಇವತ್ತು ಯಾವ ವಾರ?"

"ಶುಕ್ರವಾರ! ಒಳ್ಳೇ ದಿನ!" ಎಂದು ನಗುತ್ತಾ ಹೊರಟುಹೋದ.

ಅವನು ಮನೆ ಮುಟ್ಟುವುದರೊಳಗೆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿ ವಾಪಸ್ಸು ಬಂದಿತ್ತು. ನನ್ನ ಹೊಲಿಗೆ ಯಂತ್ರದ ಹತ್ತಿರ ಬಂದಾಗ ಅದರ ರೂಪ ಹೀಗಿತ್ತು: ಎಲ್ಪೀದಿಯೋ ಬೀಗರಿಗೆ ಶುಕ್ರವಾರ ಕೈಮಾ ಪಾಸ್ತೆಲ್ ಮಾಡಿದ್ದಾನೆ. ಕ್ಷೌರದಂಗಡಿಯಲ್ಲಿ ಅದು ಬೆಳೆದು, ದೋನ್ಯಾ ಪೂರಾ ಅವರ ಹರಕೆ ಮುರಿಯಲು ಬೇಕೆಂದೇ ಮಾಡಿದ್ದಾನೆ ಎಂದಾಯಿತು. ಔಷಧಿ ಅಂಗಡಿಯ ಹತ್ತಿರ ಹೋಗುವಾಗ ಫೌಸ್ತೀನೊನಿಗೆ ಜ್ವರವೂ ಶುರುವಾಗಿತ್ತು. ನಾನು ಹೊಲಿಗೆ ಬಿಟ್ಟು ಓಡಿದೆ.

ನಾನು ಹೋಗುವಷ್ಟರಲ್ಲಿ ಬೀಗರು ಬಂದು ಕೂತಿದ್ದರು. ದೊನ್ ಕಸಿಮೀರೊ ಬಿಳಿ ಸೂಟಿನಲ್ಲಿ, ಹೊಸ ಬೂಟಿನಲ್ಲಿ. ಅದನ್ನು ಹೊಲಿದದ್ದು ನಾನು, ಸೂಟು ಮಾತ್ರ. ದೋನ್ಯಾ ಪೂರಾ ಕಪ್ಪು ಬಟ್ಟೆಯಲ್ಲಿ, ಬೀಸಣಿಗೆ ಹಿಡಿದು. ಫೌಸ್ತೀನೊ ತನ್ನ ತೂಗುಕುರ್ಚಿಯಲ್ಲಿ, ಆದರೆ ತೂಗದೆ. ಮಿರ್ತಾ ನೀಲಿ ಉಡುಪಿನಲ್ಲಿ ಕಾಫಿ ತರುತ್ತಿದ್ದಳು. ಅವಳು ಅಷ್ಟು ಚೆಂದ ಕಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬೀದಿಗೆ ತೆರೆದ ಉದ್ದ ಕಿಟಕಿಯ ಸರಳುಗಳ ಆಚೆ ಎರ್ಮೀನಿಯಾಳ ಮುಖ, ಅದರ ಮೇಲೆ ಇನ್ನೊಂದು ಮುಖ, ಅದರ ಮೇಲೆ ಇನ್ನೊಂದು.

ಎಲ್ಪೀದಿಯೋ ಟ್ರೇಯನ್ನು ಮೇಜಿನ ನಡುವೆ ಇಟ್ಟು, ಪ್ರತಿಮೆ ಅನಾವರಣ ಮಾಡುವವನಂತೆ ಬಟ್ಟೆ ಎಳೆದ.

ದೋನ್ಯಾ ಪೂರಾ ಅವರ ಬೀಸಣಿಗೆ ನಿಂತಿತು.

"ದುಂಡಗಿದೆ," ಎಂದರು.

"ಹೌದು!" ಎಂದ ಎಲ್ಪೀದಿಯೋ ಹಿಗ್ಗಿ. "ನನ್ನದೇ ಐಡಿಯಾ!"

ಒಫೇಲಿಯಾ ಆಗ ಮೊದಲ ಸಲ ಟ್ರೇ ನೋಡಿದಳು. ಅವಳ ಕೈಯಲ್ಲಿದ್ದ ಹಾಲಿನ ಪಾತ್ರೆ ನೆಲಕ್ಕೆ ಬಿತ್ತು.

"ಫೌಸ್ತೀನೊ, ಎದ್ದೇಳು. ಹೊರಗೆ ನಡಿ. ಈ ಸೂರಿನ ಕೆಳಗೆ ಕೂರಬೇಡ," ಎಂದರು ದೋನ್ಯಾ ಪೂರಾ. ಫೌಸ್ತೀನೊ ಎದ್ದ. ಹೊರಗೆ ನಡೆಯಲಿಲ್ಲ, ಕೂರಲೂ ಇಲ್ಲ. ಕೂರಬೇಡ ಎಂದದ್ದನ್ನು ಮಾತ್ರ ಪಾಲಿಸಿ ನಡುಮನೆಯಲ್ಲಿ ನಿಂತುಕೊಂಡ.

"ದೋನ್ಯಾ ಪೂರಾ, ಇದು ಸೀಬೆ! ನಮ್ಮಮ್ಮನಾಣೆ ಸೀಬೆ!"

"ಸೀಬೆ ದುಂಡಗಿರತ್ತಾ?"

"ಮರದಲ್ಲಿ ದುಂಡಗೇ ಇರತ್ತಲ್ಲಾ ತಾಯಿ!"

ಇದು ನಿಜವಾಗಿ ಒಳ್ಳೆಯ ವಾದವೇ. ಆದರೆ ಹೇಳಿದವನು ಎಲ್ಪೀದಿಯೋ ಆದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೊನ್ ಕಸಿಮೀರೊ ಬಗ್ಗಿ ಮೂಸಿದರು. ಅವರ ಮುಖ ಬಾಡಿಹೋಯಿತು. "ಜೀರಿಗೆ," ಎಂದರು ಮೆತ್ತಗೆ. "ಬೆಳ್ಳುಳ್ಳೀನೂ ಇದೆ ಎಲ್ಪೀದಿಯೋ."

"ಅದು ಸಿನೇಸಿಯೊನ ಒಲೆ ವಾಸನೆ! ಇರಿ, ಕತ್ತರಿಸಿ ತೋರಿಸ್ತೀನಿ!"

ಬೇಡ ಎಂದು ಕೂಗಬೇಕೆಂದಿದ್ದೆ, ಬಾಯಿ ತೆರೆಯುವುದರೊಳಗೆ ಚಾಕು ಹಾಕಿಬಿಟ್ಟ. ಎರಡು ಹೋಳಾದ ಪಾಸ್ತೆಲ್ ಒಳಗೆ ಕಂದುಬಣ್ಣದ, ತರಿತರಿಯಾದ ಏನೋ ಒಂದು ಇತ್ತು. ಅದರ ನಡುವೆ ಉಬ್ಬಿದ ಒಣದ್ರಾಕ್ಷಿ. ನಮ್ಮ ಕಡೆ ಕೈಮಾಕ್ಕೆ ಒಣದ್ರಾಕ್ಷಿ ಹಾಕದ ಮನೆಯಿಲ್ಲ. ಕಿಟಕಿಯ ಆಚೆಯಿಂದ ಎರ್ಮೀನಿಯಾ ಶಿಲುಬೆಯ ಗುರುತು ಮಾಡಿಕೊಂಡದ್ದು ಸರಳುಗಳ ನಡುವೆ ಕಂಡಿತು.

ಅಷ್ಟು ಹೊತ್ತಿಗೆ ಸಿನೇಸಿಯೊ ಹಿಟ್ಟಿನ ಏಪ್ರನ್ನಿನಲ್ಲೇ ನುಗ್ಗಿ ಬಂದ. "ಯಾವನಯ್ಯಾ ನನ್ನ ಒಲೆ ಹೆಸರು ತೆಗೆದವನು? ಶುಕ್ರವಾರ ನನ್ನ ಬೇಕರೀಲಿ ಕೈಮಾ ಪಾಸ್ತೆಲ್ ಬೆಂದಿದೆ ಅಂತ ಬೀದಿಯೆಲ್ಲಾ ಗುಲ್ಲು!"

"ಬಾರಪ್ಪಾ ಸಿನೇಸಿಯೊ, ನೀನೇ ಒಂದು ಕಚ್ಚಿ ಹೇಳು," ಎಂದು ಎಲ್ಪೀದಿಯೋ ಗೋಗರೆದ.

ಸಿನೇಸಿಯೊ ಟ್ರೇ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ನಾನು ಕಚ್ಚಿ ಮಾಂಸ ಅಂದ್ರೆ, ಶುಕ್ರವಾರ ಮಾಂಸ ತಿಂದ ಅಂತೀರಿ. ಸೀಬೆ ಅಂದ್ರೆ, ದುಂಡಗಿನ ಸೀಬೆ ಬೇಯಿಸಿದ ಬೇಕರಿಯವನು ಅಂತ ಸಾಯೋವರೆಗೂ ಆಡ್ಕೋತೀರಿ. ನನಗೇನು ಹುಚ್ಚಾ?"

ತೊಡಕು ಇದ್ದದ್ದು ಇಲ್ಲೇ. ಒಳಗಿರುವುದು ಏನೆಂದು ತಿಳಿಯಲು ಯಾರಾದರೂ ತಿನ್ನಬೇಕು. ತಿಂದದ್ದು ಮಾಂಸವಾದರೆ ತಿಂದವನಿಗೆ ಪಾಪ. ಎಲ್ಪೀದಿಯೋ ತಾನೇ ಒಂದು ಬಾಯಿಗೆ ತುರುಕಿಕೊಂಡು "ಸೀಬೆ! ಸೀಬೆ!" ಎಂದು ತುಂಬಿದ ಬಾಯಲ್ಲೇ ಕೂಗಿದ. ಆರೋಪಿಯ ಹೇಳಿಕೆ ನಡೆಯುವುದಿಲ್ಲ ಎಂದು ದೋನ್ಯಾ ಪೂರಾ ಕೈಯಾಡಿಸಿದರು. ಒಫೇಲಿಯಾ ಮುಂದೆ ಬಂದಳು, ಅವಳು ಆರೋಪಿಯ ಹೆಂಡತಿ ಎಂದು ತಳ್ಳಿಹಾಕಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಪಾದ್ರಿಗಳ ನಿಲುವಂಗಿ ಹೊಲಿಯುವವನು, ನನ್ನ ಜೀವನದ ಪ್ರಶ್ನೆ ಎಂದು ಹೇಳಿ ಬಾಗಿಲ ಹತ್ತಿರಕ್ಕೆ ಸರಿದೆ. ಎಲ್ಪೀದಿಯೋ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

"ಪಾದ್ರಿಗಳನ್ನ ಕರೆಸಿ," ಎಂದರು ದೋನ್ಯಾ ಪೂರಾ.

ಕರೆಸುವ ಅಗತ್ಯವಿರಲಿಲ್ಲ. ಪಾದ್ರಿ ಅನ್ಸೆಲ್ಮೊ ಸುದ್ದಿ ಕೇಳಿ ಆಗಲೇ ಅರ್ಧ ದಾರಿ ಬಂದಿದ್ದರು. ದಪ್ಪ ದೇಹ, ಉಪವಾಸದ ಕಾಲ; ಮೆಟ್ಟಿಲು ಹತ್ತುವಾಗಲೇ ಅವರ ಹೊಟ್ಟೆ ಗುಡುಗಿದ್ದು ನಮಗೆಲ್ಲಾ ಕೇಳಿಸಿತು. ಕಥೆಯನ್ನು ಪೂರ್ತಿ ಕೇಳಿದರು. ಟ್ರೇ ಸುತ್ತ ಒಂದು ಸುತ್ತು ಬಂದರು.

"ಸತ್ಯ ತಿಳಿಯೋದಕ್ಕೆ ತಿಂದ್ರೆ ಅದು ತಿಂದ ಹಾಗಲ್ಲ, ವಿಚಾರಣೆ," ಎಂದು ತೀರ್ಪು ಕೊಟ್ಟು, ಎಲ್ಲಕ್ಕಿಂತ ದೊಡ್ಡದನ್ನೇ ಆರಿಸಿ ಅರ್ಧ ಕಚ್ಚಿದರು.

ಪಾದ್ರಿಗಳು ಅಗಿದರು. ಕಣ್ಣು ಮುಚ್ಚಿ ಅಗಿದರು. ಕಣ್ಣು ತೆರೆದು ಅಗಿದರು. ಅವರ ಹುಬ್ಬು ಗಂಟಿಕ್ಕಿತು. ಎಡದವಡೆಯಿಂದ ಬಲದವಡೆಗೆ ವರ್ಗಾಯಿಸಿ ಅಗಿದರು. ಎಲ್ಪೀದಿಯೋ ಕೈಮುಗಿದು ನಿಂತಿದ್ದ. ಬೆವರು ಅವನ ಕೆನ್ನೆಯ ಹಿಟ್ಟನ್ನು ಕಲಸಿ ಕಣಕ ಮಾಡುತ್ತಿತ್ತು.

"ಪಾದ್ರಿಗಳೇ?" ಎಂದರು ದೋನ್ಯಾ ಪೂರಾ.

"ಸ್ವಲ್ಪ ತಾಳಿ," ಎಂದರು ಪಾದ್ರಿಗಳು. ಇನ್ನೂ ಅಗಿದರು. ಕಷ್ಟಪಟ್ಟು ನುಂಗಿದರು. ನೀರು ಕೇಳಿ ಕುಡಿದರು.

"ಮಾಂಸ ಅಲ್ಲ," ಎಂದರು.

ಎಲ್ಪೀದಿಯೋ ನೆಲಕ್ಕೆ ಕುಸಿದು ಅವರ ಕಾಲು ಹಿಡಿದ; ಅಭ್ಯಾಸಬಲ.

"ಸೀಬೆ ಅಲ್ವೇ ಪಾದ್ರಿಗಳೇ? ಸೀಬೆ ಅಂತ ಹೇಳಿಬಿಡಿ!"

ಪಾದ್ರಿ ಅನ್ಸೆಲ್ಮೊ ಪ್ರಾಮಾಣಿಕರು. ಉಳಿದ ಅರ್ಧವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಹಸಿದ ಮನುಷ್ಯ ಹಾಗೆ ಇಟ್ಟದ್ದು ನೋಡಿದರೆ ಯಾರಿಗಾದರೂ ಅಳು ಬರಬೇಕು. "ನೋಡು ಮಗು, ಮಾಂಸ ಅಲ್ಲ ಅಂತ ಬೈಬಲ್ ಮುಟ್ಟಿ ಹೇಳ್ತೀನಿ. ಸೀಬೆ ಅಂತ ಮಾತ್ರ ನನ್ನ ಕೈಲಿ ಪ್ರಮಾಣ ಮಾಡಿಸಬೇಡ. ಇದಕ್ಕೆ ಯಾವ ರುಚೀನೂ ಇಲ್ಲ. ತಪಸ್ಸುಕಾಲಕ್ಕೆ ಇದಕ್ಕಿಂತ ಒಳ್ಳೇ ಆಹಾರ ನಾನು ನೋಡಿಲ್ಲ."

ಮಾಂಸವಲ್ಲವಲ್ಲ, ಅಷ್ಟು ಸಾಕಿತ್ತು. ಕಿಟಕಿಯ ಮುಖಗಳು ನಿರಾಸೆಯಿಂದ ಒಂದೊಂದಾಗಿ ಇಳಿದವು. ಸಿನೇಸಿಯೊ ತನ್ನ ಒಲೆಯ ಮಾನ ಉಳಿಯಿತೆಂದು ಎದೆ ತಟ್ಟಿಕೊಂಡ. ದೋನ್ಯಾ ಪೂರಾ ಕುರ್ಚಿಗೆ ಮರಳಿದರು, ಬೀಸಣಿಗೆ ಮತ್ತೆ ಶುರುವಾಯಿತು. ದೊನ್ ಕಸಿಮೀರೊ ಸೂಟಿನ ಗುಂಡಿ ಹಾಕಿಕೊಂಡು ಎದ್ದು ನಿಂತರು.

"ಎಲ್ಪೀದಿಯೋ, ಒಫೇಲಿಯಾ," ಎಂದರು ಗಂಭೀರವಾಗಿ. "ನಮ್ಮ ಮಗ ಫೌಸ್ತೀನೊಗೆ ನಿಮ್ಮ ಮಗಳ ಕೈ ಕೇಳೋದಕ್ಕೆ ಬಂದಿದ್ದೀವಿ."

ಎಲ್ಪೀದಿಯೋ ಉತ್ತರಿಸಲು ಬಾಯಿ ತೆರೆದ. ಬಾಯಲ್ಲಿ ಇನ್ನೂ ಪಾಸ್ತೆಲ್ ಇತ್ತು. ಅದು ಅಷ್ಟು ಬೇಗ ಇಳಿಯುವ ಪದಾರ್ಥವಲ್ಲ. ಅವನು ನುಂಗಲು ಒದ್ದಾಡುತ್ತಿದ್ದ ಆ ಬಿಡುವಿನಲ್ಲಿ ಮಿರ್ತಾ ಎದ್ದಳು. ಒಂದು ಪಾಸ್ತೆಲ್ಲನ್ನು ಪುಟ್ಟ ತಟ್ಟೆಯಲ್ಲಿಟ್ಟು, ಇನ್ನೂ ನಿಂತೇ ಇದ್ದ ಫೌಸ್ತೀನೊನ ಮುಂದೆ ಹಿಡಿದಳು.

"ತಗೋ, ತಿನ್ನು," ಎಂದಳು. "ಅಪ್ಪ ವಾರವೆಲ್ಲಾ ಒದ್ದಾಡಿ ಮಾಡಿದ್ದು."

ಫೌಸ್ತೀನೊ ಪಾಸ್ತೆಲ್ ನೋಡಿದ. ಆಮೇಲೆ ತಾಯಿಯನ್ನು ನೋಡಿದ.

"ಬೇಡ ಕಣಪ್ಪಾ," ಎಂದರು ದೋನ್ಯಾ ಪೂರಾ. "ಹೊಟ್ಟೆ ಕೆಡತ್ತೆ."

"ಪಾದ್ರಿಗಳೇ ತಿಂದ್ರಲ್ಲಾ ಅತ್ತೆ," ಎಂದಳು ಮಿರ್ತಾ, ಕಣ್ಣು ಮಾತ್ರ ಅವನ ಮೇಲೇ ಇಟ್ಟು. "ಫೌಸ್ತೀನೊ, ಚೆನ್ನಾಗಿದೆ ಅಂತ ಹೇಳ್ಬೇಡ. ಒಂದು ತುತ್ತು ತಿನ್ನು ಸಾಕು."

ಅವನ ಕೈ ಸ್ವಲ್ಪ ಮೇಲೆದ್ದಿತು. ಎದ್ದದ್ದನ್ನು ನಾನು ಕಂಡೆ. ಅವನ ಪರವಾಗಿ ಇಷ್ಟಾದರೂ ಹೇಳಬೇಕು. "ಫೌಸ್ತೀನೊ," ಎಂದರು ತಾಯಿ. ಕೈ ಕೆಳಗಿಳಿದು ಪ್ಯಾಂಟಿನ ಜೇಬು ಸೇರಿತು.

"ಅಮ್ಮ ಬೇಡ ಅಂತಿದ್ದಾರಲ್ಲಾ ಮಿರ್ತಾ," ಎಂದ. "ಭಾನುವಾರ ತಿಂತೀನಿ. ಭಾನುವಾರ ಹೇಗೂ ಬರ್ತೀನಲ್ಲಾ."

ಮಿರ್ತಾ ತಟ್ಟೆ ಹಿಡಿದುಕೊಂಡೇ, ಏನನ್ನೋ ಲೆಕ್ಕ ಹಾಕುತ್ತಿರುವವಳ ಹಾಗೆ ನೆಲದ ಸವೆದ ಹಾಸನ್ನು ನೋಡಿದಳು. ಆಮೇಲೆ ತಟ್ಟೆಯನ್ನು ಮೇಜಿನ ಮೇಲಿಟ್ಟು ದೊನ್ ಕಸಿಮೀರೊ ಕಡೆ ತಿರುಗಿದಳು.

"ಮಾವ, ನೀವು ಕೇಳಿದ್ದು ನನ್ನ ಕೈ ತಾನೇ? ಉತ್ತರ ನಾನೇ ಕೊಡ್ತೀನಿ. ಕೊಡಲ್ಲ."

ದೋನ್ಯಾ ಪೂರಾ ಮಗನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಅವನ ತೋಳು ಹಿಡಿದು ಹೊರಟರು. ಅವನೂ ಹೊರಟ, ಬಾಗಿಲ ಹತ್ತಿರ ಒಮ್ಮೆ ತಿರುಗಿ ತೂಗುಕುರ್ಚಿಯನ್ನು ನೋಡಿದ. ಮಿರ್ತಾಳನ್ನು ನೋಡಲು ಧೈರ್ಯ ಸಾಲಲಿಲ್ಲ ಅಂತ ಕಾಣುತ್ತದೆ. ದೊನ್ ಕಸಿಮೀರೊ ಮಾತ್ರ ಹಿಂದೆ ಉಳಿದರು. ಪಾಪ, ಇಡೀ ಊರಿನಲ್ಲಿ ಆ ಪಾಸ್ತೆಲ್ಲನ್ನು ನಿಜವಾಗಿ ಬಯಸಿ ಬಂದವರು ಅವರೊಬ್ಬರೇ. ಹೊಸಿಲ ಮೇಲೆ ನಿಂತು ಒಂದನ್ನು ಪೂರ್ತಿ ತಿಂದರು.

"ಹಗುರಾಗಿದೆ ಎಲ್ಪೀದಿಯೋ," ಎಂದು ಅವನ ಬೆನ್ನು ತಟ್ಟಿದರು. "ನೀವು ಸುಳ್ಳು ಹೇಳಿರ್ಲಿಲ್ಲ." ಕಣ್ಣೊರೆಸಿಕೊಂಡು ಮಗನ ಹಿಂದೆ ನಡೆದರು.

ಪಾದ್ರಿಗಳು ಹೋದರು, ಸಿನೇ‌ಸಿಯೊ ಹೋದ. ಒಫೇಲಿಯಾ ನೆಲದ ಮೇಲಿನ ಹಾಲು ಒರೆಸುತ್ತಾ, ಗಂಡನಿಗೆ ಹೇಳಲು ವಾರದಿಂದ ಕೂಡಿಟ್ಟಿದ್ದ ಮಾತುಗಳಲ್ಲಿ ಒಂದನ್ನೂ ಹೇಳಲಿಲ್ಲ. ಅದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ಎಲ್ಪೀದಿಯೋ ಟ್ರೇ ಮುಂದೆ ಕುಕ್ಕರಿಸಿ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ನಾನೇ ಹಾಳುಮಾಡ್ದೆ ಮಗಳೇ," ಎಂದ. "ಆ ಹಾಳು ಲೋಟ ತಗೊಂಡಿದ್ದು ನಾನೇ. ಮೂಲೆ ಬಾಯಿಬಿಟ್ರೆ ಬಿಟ್ಕೊಳ್ಳಲಿ ಅಂತ ಸುಮ್ನಿದ್ದಿದ್ರೆ ಸಾಕಿತ್ತು. ಚೌಕ ಕತ್ತರಿಸಿದ್ರೆ ಇಷ್ಟೊತ್ತಿಗೆ ನಿನ್ನ ಮದುವೆ ನಿಶ್ಚಯ ಆಗಿರ್ತಿತ್ತು."

ಮಿರ್ತಾ ಅವನ ಪಕ್ಕದಲ್ಲಿ, ನೀಲಿ ಉಡುಪು ಹಿಟ್ಟಾಗುವುದನ್ನೂ ಲೆಕ್ಕಿಸದೆ, ನೆಲದ ಮೇಲೆ ಕೂತಳು.

"ಹೌದಪ್ಪಾ," ಎಂದಳು. "ಚೌಕ ಕತ್ತರಿಸಿದ್ರೆ ನಿಶ್ಚಯ ಆಗೇಬಿಡ್ತಿತ್ತು."

ಅವಳು ಅದನ್ನು ದೂರಿನ ಹಾಗೆ ಹೇಳಲಿಲ್ಲ. ತಪ್ಪಿಹೋದ ಬಸ್ಸು ಮುಂದೆ ಹಳ್ಳಕ್ಕೆ ಬಿತ್ತು ಎಂದು ಕೇಳಿದವರು ಹೇಗೆ ಮಾತಾಡುತ್ತಾರೋ ಹಾಗೆ ಹೇಳಿದಳು. ಆಮೇಲೆ ಅಪ್ಪನ ಹೆಗಲಿಗೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಎಲ್ಪೀದಿಯೋಗೆ ಏನೂ ಅರ್ಥವಾಗಲಿಲ್ಲ. ಅವಳ ಬೆನ್ನು ಸವರುತ್ತಾ ಅವನೂ ಜೊತೆಗೆ ಅತ್ತ.